ಆನ್‌ಲೈನ್ ಮಳಿಗೆಯ ಮಾರಾಟ ವಿವರಣೆ ಬರೆಯಲು ಕೃತಕ ಬುದ್ಧಿಮತ್ತೆಯ ಬಳಕೆ: ಕಿರು ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಕಿರು ಉದ್ದಿಮೆದಾರರು, ಕುಶಲಕರ್ಮಿಗಳು, ನೇಕಾರರು ಹಾಗೂ ಸ್ವಸಹಾಯ ಸಂಘಗಳ ಸದಸ್ಯರು ತಮ್ಮ ಉತ್ಪನ್ನಗಳನ್ನು ಆನ್‌ಲೈನ್ ಮಳಿಗೆಗಳ ಮೂಲಕ ಮಾರುವುದು ಈಗ ಸಾಮಾನ್ಯವಾಗಿರುತ್ತದೆ. ಅಂಗಡಿಯಲ್ಲಿ ಗ್ರಾಹಕರು ಸರಕನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮಾತನಾಡಿ ಕೊಳ್ಳುತ್ತಾರೆ. ಆನ್‌ಲೈನ್ ಮಳಿಗೆಯಲ್ಲಿ ಆ ಕೆಲಸವನ್ನು ನಾಲ್ಕು ಛಾಯಾಚಿತ್ರಗಳು ಮತ್ತು ಅವುಗಳ ಕೆಳಗಿನ ಹತ್ತು ಸಾಲಿನ ವಿವರಣೆ ಮಾಡಬೇಕಾಗಿರುತ್ತದೆ. ಈ ಹತ್ತು ಸಾಲು ಬರೆಯುವುದೇ ಬಹುತೇಕ ಉತ್ಪಾದಕರಿಗೆ ಕಷ್ಟದ ಕೆಲಸ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಲಭ್ಯವಾದ ತರುವಾಯ, ಜೆಮಿನಿ, ಕೋಪೈಲಟ್ ಮುಂತಾದ ಇತರ ಸೇವೆಗಳೂ ಬಂದಿರುತ್ತವೆ. ಇವುಗಳಿಗೆ ಕನ್ನಡದಲ್ಲಿಯೇ ಸೂಚನೆ ಕೊಟ್ಟು ಮಾರಾಟ ವಿವರಣೆ ಬರೆಸಿಕೊಳ್ಳಬಹುದು. ಇದರಿಂದ ಸಮಯ ಹಾಗೂ ಹಣ ಉಳಿಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ಬರೆಸಿಕೊಂಡ ವಿವರಣೆಯಲ್ಲಿನ ಪ್ರತಿಯೊಂದು ಮಾತಿಗೂ ಮಾರಾಟಗಾರರೇ ಹೊಣೆಗಾರರಾಗಿರುತ್ತಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. ತತ್ಸಂಬಂಧ ಸಾರ್ವಜನಿಕರಿಗೆ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ಪ್ರಾಂಪ್ಟ್ ಎಂದರೇನು?

ಕೃತಕ ಬುದ್ಧಿಮತ್ತೆಯ ಸೇವೆಗೆ ನಾವು ಬರೆದುಕೊಡುವ ಸೂಚನೆಗೆ ಪ್ರಾಂಪ್ಟ್ ಎನ್ನುತ್ತಾರೆ. ಕಚೇರಿಯ ವ್ಯವಹಾರ ಬಲ್ಲವರಿಗೆ ಹೇಳುವುದಾದರೆ, ಹೊಸದಾಗಿ ಸೇರಿದ ಗುಮಾಸ್ತರಿಗೆ ಪತ್ರದ ಕರಡು ಸಿದ್ಧಪಡಿಸಲು ಕೊಡುವ ಟಿಪ್ಪಣಿಯಂತೆ ಇದು. ಟಿಪ್ಪಣಿಯಲ್ಲಿ ಕಡತದ ಸಂಗತಿಗಳು ಇದ್ದರೆ ಕರಡು ಸರಿಯಾಗಿ ಬರುತ್ತದೆ. ಇಲ್ಲದಿದ್ದರೆ ಒಳ್ಳೆಯ ಗುಮಾಸ್ತರು ಬಂದು ಕೇಳುತ್ತಾರೆ. ಈ ಯಂತ್ರವು ಸಾಮಾನ್ಯವಾಗಿ ಕೇಳುವುದಿಲ್ಲ, ತಾನೇ ತುಂಬಿಸಿಬಿಡುತ್ತದೆ.

ಇದಕ್ಕೆ ಕಾರಣವಿದೆ. ಇಂತಹ ಸೇವೆಗಳು ಅಪಾರ ಪ್ರಮಾಣದ ಬರಹಗಳಿಂದ ತರಬೇತಿ ಪಡೆದು, ಒಂದು ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ಜಾಹೀರಾತುಗಳಲ್ಲಿ ‘ಶುದ್ಧ’, ‘ನೂರಕ್ಕೆ ನೂರು’, ‘ಸಂಪೂರ್ಣ ಸುರಕ್ಷಿತ’, ‘ಪ್ರಮಾಣೀಕೃತ’ ಎಂಬ ಮಾತುಗಳು ಬಹಳವಾಗಿ ಬರುವುದರಿಂದ, ಜಾಹೀರಾತು ಬರೆದುಕೊಡು ಎಂದೊಡನೆ ಅವೇ ಮಾತುಗಳು ಬಂದು ಕೂರುತ್ತವೆ. ನಿಮ್ಮ ಸರಕನ್ನು ಅದು ನೋಡಿರುವುದಿಲ್ಲ, ನಿಮ್ಮ ಘಟಕಕ್ಕೆ ಬಂದಿರುವುದಿಲ್ಲ.

ಒಂದು ಪ್ರಕರಣ

ಚನ್ನಪಟ್ಟಣದ ಮಾದರಿಯ ಮರದ ಆಟಿಕೆಗಳನ್ನು ತಯಾರಿಸುವ ಸಣ್ಣ ಘಟಕದ ಮಾಲೀಕರೊಬ್ಬರು, ಮೇಳವೊಂದರಲ್ಲಿ ಮಳಿಗೆ ಕೋರಿ ಅರ್ಜಿ ಸಲ್ಲಿಸಲು ಕಚೇರಿಗೆ ಬಂದಿದ್ದರು. ಅರ್ಜಿಯ ವಿಷಯ ಮುಗಿದ ನಂತರ ತಮ್ಮ ಮೊಬೈಲ್ ತೆರೆದು, ಆನ್‌ಲೈನ್ ಮಳಿಗೆಯವರು ತಮ್ಮ ಸರಕಿನ ಪುಟವನ್ನು ತಡೆಹಿಡಿದಿರುವ ಸೂಚನೆಯನ್ನು ತೋರಿಸಿದರು. ಗ್ರಾಹಕರೊಬ್ಬರು ಬಣ್ಣ ಬಿಟ್ಟ ಗಿಲಕಿಯ ಚಿತ್ರ ಸಹಿತ ದೂರು ಹಾಕಿದ್ದರು. ‘ನೀರಿನಲ್ಲಿ ತೊಳೆಯಬಹುದು, ನವಜಾತ ಶಿಶುಗಳಿಗೂ ಸುರಕ್ಷಿತ’ ಎಂದು ವಿವರಣೆಯಲ್ಲಿ ಇದ್ದುದರಿಂದ ಅವರು ಅದನ್ನು ಸೋಪು ನೀರಿನಲ್ಲಿ ನೆನೆಸಿಟ್ಟು ತೊಳೆದಿದ್ದರು.

‘ಅದನ್ನ ನಾನು ಬರೆದಿಲ್ಲ ಸಾರ್, ಅದೇ ಬರೀತು’ ಎಂಬುದು ಆ ಮಾಲೀಕರ ಉತ್ತರವಾಗಿತ್ತು. ಅವರು ಕೊಟ್ಟಿದ್ದ ಪ್ರಾಂಪ್ಟ್ ಒಂದೇ ಸಾಲಿನದು: ‘ಮರದ ಗಿಲಕಿಗೆ ಚೆನ್ನಾಗಿ ಜಾಹೀರಾತು ಬರೆದುಕೊಡು.’ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಆ ವಿವರಣೆಯನ್ನು ಸಾಲು ಸಾಲಾಗಿ ಓದಿದಾಗ ಐದು ತಪ್ಪು ಹೇಳಿಕೆಗಳು ಕಂಡುಬಂದವು. ಮರ ತೇಗದ್ದು ಎಂದಿತ್ತು, ಅವರು ಬಳಸುವುದು ಆಲೆ ಮರ. ಬಣ್ಣಗಳು ನೂರಕ್ಕೆ ನೂರು ನೈಸರ್ಗಿಕ ಎಂದಿತ್ತು, ಅವರು ಹಳದಿಗೆ ಮಾತ್ರ ಅರಿಶಿನ ಬಳಸಿ ಉಳಿದ ಬಣ್ಣಗಳನ್ನು ಅಂಗಡಿಯಿಂದ ಕೊಳ್ಳುತ್ತಾರೆ. ಬಿ.ಐ.ಎಸ್. ಪ್ರಮಾಣೀಕೃತ ಎಂದಿತ್ತು, ಅಂತಹ ಪರವಾನಗಿ ಅವರಲ್ಲಿ ಇರಲಿಲ್ಲ. ಉಳಿದೆರಡು, ತೊಳೆಯುವುದು ಮತ್ತು ನವಜಾತ ಶಿಶು. ಸರಕು ಒಳ್ಳೆಯದೇ ಆಗಿತ್ತು. ಇದ್ದುದನ್ನು ಇದ್ದಂತೆ ಹೇಳಿದ್ದರೂ ಅದು ಮಾರಾಟವಾಗುತ್ತಿತ್ತು ಎಂಬುದೇ ವಿಷಾದದ ಸಂಗತಿ.

ಪ್ರಾಂಪ್ಟ್‌ಗಿಂತ ಮೊದಲು ವಿವರಪಟ್ಟಿ

ಆದ್ದರಿಂದ ಯಂತ್ರದ ಮುಂದೆ ಕೂರುವ ಮೊದಲು ಪ್ರತಿ ಸರಕಿಗೂ ಅರ್ಧ ಪುಟದ ವಿವರಪಟ್ಟಿಯನ್ನು ಕೈಬರಹದಲ್ಲಿಯೇ ಆದರೂ ಸಿದ್ಧಪಡಿಸಿಕೊಳ್ಳತಕ್ಕದ್ದು. ಸರಕಿನ ಹೆಸರು, ಯಾವುದರಿಂದ ಮಾಡಿದ್ದು, ಎಲ್ಲಿ ಯಾರು ಮಾಡಿದ್ದು, ಅಳತೆ, ತೂಕ, ಬಣ್ಣ, ಯಾರ ಬಳಕೆಗೆ, ಹೇಗೆ ಜೋಪಾನ ಮಾಡಬೇಕು, ಏನು ಮಾಡಬಾರದು, ಯಾವ ಪ್ರಮಾಣಪತ್ರ ಇದೆ, ಬೆಲೆ ಎಷ್ಟು. ತೂಕವನ್ನು ತಕ್ಕಡಿಯಲ್ಲಿಟ್ಟು ಬರೆಯಬೇಕು, ಅಂದಾಜಿನಲ್ಲಿ ಬರೆಯಬಾರದು. ಕೊರತೆಗಳನ್ನೂ ಬರೆಯಬೇಕು. ಕೈಕೆಲಸವಾದ್ದರಿಂದ ಒಂದರಂತೆ ಮತ್ತೊಂದು ಇರುವುದಿಲ್ಲ ಎಂಬುದು ಕೊರತೆಯಾಗಿ ಕಂಡರೂ, ಆ ಮಾತಿಗಾಗಿಯೇ ಕೊಳ್ಳುವ ಗ್ರಾಹಕರು ಇದ್ದಾರೆ.

ಈ ಪಟ್ಟಿ ಸರಿಯಾಗಿದ್ದರೆ ಪ್ರಾಂಪ್ಟ್ ಬರೆಯುವ ಕೆಲಸ ಮುಕ್ಕಾಲು ಪಾಲು ಮುಗಿದಂತೆಯೇ. ಮಾದರಿಯೊಂದನ್ನು ಉದಾಹರಣೆಗಾಗಿ ಮಾತ್ರ ಕೆಳಗೆ ಕೊಡಲಾಗಿದೆ. ಸಂಗತಿಗಳನ್ನು ತಮ್ಮ ಸರಕಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

‘ಆನ್‌ಲೈನ್ ಮಳಿಗೆಗಾಗಿ ಮರದ ಬುಗುರಿಗಳ ಮಾರಾಟ ವಿವರಣೆ ಬರೆ. ಓದುವವರು ನಗರದಲ್ಲಿರುವ ತಂದೆ ತಾಯಿಯರು, ಬುಗುರಿ ಆಡಿಸಿ ಅಭ್ಯಾಸವಿಲ್ಲದವರು. ಎಂಬತ್ತು ಪದಗಳ ಒಳಗೆ ಇರಲಿ. ಸರಳ ಕನ್ನಡ ಇರಲಿ. ಕೆಳಗಿನ ಸಂಗತಿಗಳನ್ನು ಮಾತ್ರ ಬಳಸು. ಇಲ್ಲಿ ಇಲ್ಲದ ಗುಣ, ಪ್ರಮಾಣಪತ್ರ, ಪ್ರಶಸ್ತಿ, ಆರೋಗ್ಯದ ಲಾಭ, ರಿಯಾಯಿತಿ ಯಾವುದನ್ನೂ ಸೇರಿಸಬೇಡ. ಯಾವುದಾದರೂ ಸಂಗತಿ ಬೇಕೆನಿಸಿದರೆ ಬರೆಯುವ ಮೊದಲು ನನ್ನನ್ನು ಕೇಳು. ಸಂಗತಿಗಳು: ಮೂರು ಬುಗುರಿಗಳ ಕಟ್ಟು. ಆಲೆ ಮರದಲ್ಲಿ ಲೇತ್ ಯಂತ್ರದ ಮೇಲೆ ಕಡೆದದ್ದು. ಅರಗಿನ ಬಣ್ಣ. ಹಳದಿಗೆ ಅರಿಶಿನ, ಕೆಂಪು ಮತ್ತು ಹಸಿರಿಗೆ ಕೊಂಡು ತಂದ ಬಣ್ಣ. ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟದ್ದು. ಎತ್ತರ ತಲಾ 5 ಸೆಂ.ಮೀ., ಮೂರರ ತೂಕ 90 ಗ್ರಾಂ. 5 ವರ್ಷ ಮೇಲ್ಪಟ್ಟ ಮಕ್ಕಳಿಗೆ. ಒಣಬಟ್ಟೆಯಿಂದ ಒರೆಸಬೇಕು, ನೀರಿನಲ್ಲಿ ನೆನೆಸಬಾರದು. ಬಣ್ಣದ ಗೆರೆಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ.’

ಇಂತಹ ಪ್ರಾಂಪ್ಟ್‌ಗೆ ಬರುವ ಬರಹವು ಬಹುಮಟ್ಟಿಗೆ ಕೆಳಕಂಡಂತೆ ಇರುತ್ತದೆ.

‘ಬೆರಳುಗಳ ನಡುವೆ ಹಿಡಿದು ಒಂದು ಬಾರಿ ತಿರುಗಿಸಿ ಬಿಟ್ಟರೆ ಸಾಕು, ಬಣ್ಣದ ಗೆರೆಗಳು ಒಂದಾಗಿ ಸುತ್ತುತ್ತವೆ. ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಮೂರು ಬುಗುರಿಗಳು. ಹಳದಿ ಬಣ್ಣ ಅರಿಶಿನದ್ದು. ಎತ್ತರ ತಲಾ 5 ಸೆಂ.ಮೀ. ಐದು ವರ್ಷ ಮೇಲ್ಪಟ್ಟ ಮಕ್ಕಳಿಗೆ. ಕೈಕೆಲಸವಾದ್ದರಿಂದ ಗೆರೆಗಳಲ್ಲಿ ಅಲ್ಪ ವ್ಯತ್ಯಾಸ ಇರುತ್ತದೆ. ಒಣಬಟ್ಟೆಯಿಂದ ಒರೆಸಿ, ನೀರಿನಲ್ಲಿ ನೆನೆಸಬೇಡಿ.’

ಇದರಲ್ಲಿಯೂ ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, ‘ಹಳದಿ ಬಣ್ಣ ಅರಿಶಿನದ್ದು’ ಎಂದು ಹೇಳಿ ಕೆಂಪು, ಹಸಿರಿನ ವಿಷಯವನ್ನು ಬಿಡಲಾಗಿದೆ. ಓದುವವರು ಎಲ್ಲ ಬಣ್ಣಗಳೂ ಅಂತಹವೇ ಎಂದು ಭಾವಿಸುವ ಸಾಧ್ಯತೆ ಇದೆ. ಅದನ್ನು ಮಾರಾಟಗಾರರೇ ಸೇರಿಸಬೇಕು. ಎರಡು, ‘ಬೆರಳುಗಳ ನಡುವೆ ಹಿಡಿದು’ ಎಂಬುದು ಕೊಟ್ಟ ಸಂಗತಿಗಳಲ್ಲಿ ಇರಲಿಲ್ಲ. ಇದು ದಾರದ ಬುಗುರಿಯಾಗಿದ್ದರೆ ಮೊದಲ ವಾಕ್ಯವೇ ತಪ್ಪು. ಸೂಚನೆ ಎಷ್ಟು ಬಿಗಿಯಾಗಿದ್ದರೂ ಹೀಗೆ ಒಂದೆರಡು ಮಾತು ನುಸುಳುತ್ತವೆ.

ಪರಿಶೀಲನೆ

ಬರಹ ಬಂದ ನಂತರ ಅದನ್ನು ಕಾಗದದ ಮೇಲೆ ತೆಗೆದುಕೊಂಡು, ಸಂಗತಿ ಹೇಳುವ ಪ್ರತಿ ಮಾತಿನ ಕೆಳಗೆ ಗೆರೆ ಎಳೆಯುವುದು ಉತ್ತಮ. ಗೆರೆ ಎಳೆದ ಪ್ರತಿ ಮಾತಿಗೂ ‘ಇದನ್ನು ತೋರಿಸಲು ನನ್ನ ಬಳಿ ಏನಿದೆ’ ಎಂದು ಕೇಳಿಕೊಳ್ಳಬೇಕು. ಖರೀದಿ ಬಿಲ್ಲು, ಪ್ರಮಾಣಪತ್ರ, ಪ್ರಯೋಗಾಲಯದ ವರದಿ ಅಥವಾ ಕೈಯಲ್ಲಿರುವ ಸರಕೇ ಉತ್ತರವಾಗಬಹುದು. ಉತ್ತರವಿಲ್ಲದ ಮಾತನ್ನು ತೆಗೆದುಹಾಕತಕ್ಕದ್ದು.

‘ಮುದ್ದಾದ’, ‘ಕಣ್ಮನ ಸೆಳೆಯುವ’ ಎಂಬಂತಹ ಮಾತುಗಳಿಗೆ ಗೆರೆ ಎಳೆಯಬೇಕಾಗಿಲ್ಲ. ಅವು ಅಭಿಪ್ರಾಯಗಳು. ಅವುಗಳನ್ನು ಯಾರೂ ಅಳೆದು ನೋಡುವುದಿಲ್ಲ. ‘ನೂರಕ್ಕೆ ನೂರು’, ‘ಪರೀಕ್ಷಿಸಲಾಗಿದೆ’, ‘ಮೊದಲನೆಯದು’, ‘ಅತಿ ಕಡಿಮೆ ಬೆಲೆ’ ಎಂಬುವು ಅಳೆಯಬಹುದಾದ ಹೇಳಿಕೆಗಳು.

ಬರಹದಲ್ಲಿನ ಹೇಳಿಕೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಯಾವುದು ಕೊಟ್ಟ ಸಂಗತಿಯಿಂದ ಬಂದದ್ದು, ಯಾವುದು ಸೇರಿಸಿದ್ದು ಎಂದು ತಿಳಿಸಲು ಯಂತ್ರವನ್ನೇ ಕೇಳಬಹುದು. ಇದು ಉಪಯೋಗವೇ ಹೌದು. ಆದರೆ ಲೆಕ್ಕ ಬರೆದವರಿಂದಲೇ ಲೆಕ್ಕ ತಪಾಸಣೆ ಮಾಡಿಸಿದಂತಾಗುವುದರಿಂದ, ಅದನ್ನೇ ಅಂತಿಮವೆಂದು ತಿಳಿಯಬಾರದು.

ಕಾನೂನಿನ ಹೊಣೆ

ವಾಣಿಜ್ಯ ಪದವಿ ತರಗತಿಗಳಲ್ಲಿ ಒಂದು ಕಾಲಕ್ಕೆ ‘ಕೊಳ್ಳುವವರೇ ಎಚ್ಚರದಿಂದಿರಬೇಕು’ ಎಂಬ ತತ್ತ್ವವನ್ನು ಕಲಿಸಲಾಗುತ್ತಿತ್ತು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಈ ಎಚ್ಚರದ ಭಾರವನ್ನು ಬಹುಪಾಲು ಮಾರುವವರ ಮೇಲೆ ಹೊರಿಸಿದೆ. ಸದರಿ ಅಧಿನಿಯಮವು 2020ರ ಜುಲೈನಲ್ಲಿ ಜಾರಿಗೆ ಬಂದಿರುತ್ತದೆ. ಅದರಲ್ಲಿ ಜಾಹೀರಾತಿನ ವ್ಯಾಖ್ಯೆ ಬಹಳ ವಿಸ್ತಾರವಾಗಿದೆ. ಬೆಳಕು, ಧ್ವನಿ, ಹೊಗೆ, ಅನಿಲ, ಮುದ್ರಣ, ಇಂಟರ್ನೆಟ್, ವೆಬ್‌ಸೈಟ್ ಮೂಲಕ ಮಾಡುವ ಪ್ರಚಾರದ ಜೊತೆಗೆ ಲೇಬಲ್, ಹೊದಿಕೆ, ಬಿಲ್ಲು ಸಹ ಅದರಲ್ಲಿ ಸೇರುತ್ತವೆ. ಹೊಗೆಯಲ್ಲಿ ಬರೆದದ್ದೂ ಜಾಹೀರಾತು ಎಂದಮೇಲೆ ಆನ್‌ಲೈನ್ ಮಳಿಗೆಯ ವಿವರಣೆ ಜಾಹೀರಾತಲ್ಲ ಎಂದು ವಾದಿಸಲು ಅವಕಾಶವಿಲ್ಲ.

ಸರಕನ್ನು ಸುಳ್ಳಾಗಿ ವರ್ಣಿಸುವುದು, ಸುಳ್ಳು ಖಾತರಿ ಕೊಡುವುದು, ಸರಕಿನ ಸ್ವರೂಪ, ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ದಾರಿ ತಪ್ಪಿಸುವುದು, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದು, ಇವೆಲ್ಲವೂ ದಾರಿ ತಪ್ಪಿಸುವ ಜಾಹೀರಾತಿನ ವ್ಯಾಪ್ತಿಗೆ ಬರುತ್ತವೆ. ಬರೆದವರು ಮನುಷ್ಯರೇ ಯಂತ್ರವೇ ಎಂಬ ಭೇದವನ್ನು ಆ ವ್ಯಾಖ್ಯೆಯಲ್ಲಿ ಮಾಡಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 21ನೇ ಪ್ರಕರಣದ ಅಡಿಯಲ್ಲಿ 10 ಲಕ್ಷ ರೂಪಾಯಿಗಳವರೆಗೆ, ನಂತರದ ಉಲ್ಲಂಘನೆಗೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇವು ಗರಿಷ್ಠ ಮೊತ್ತಗಳು. ಎಷ್ಟು ಜನರಿಗೆ ತೊಂದರೆಯಾಗಿದೆ, ಎಷ್ಟು ಕಾಲ ನಡೆದಿದೆ, ಮಾರಾಟದ ವಹಿವಾಟು ಎಷ್ಟು ಎಂಬುದನ್ನು ಪರಿಗಣಿಸಿ ದಂಡ ನಿರ್ಧರಿಸಲಾಗುತ್ತದೆ. ಆದ್ದರಿಂದ ಸಣ್ಣ ಘಟಕದವರು ಅನಗತ್ಯವಾಗಿ ಗಾಬರಿಪಡಬೇಕಾಗಿಲ್ಲ, ಉದಾಸೀನವನ್ನೂ ಮಾಡತಕ್ಕದ್ದಲ್ಲ. ಸಣ್ಣ ಘಟಕಕ್ಕೆ ದಂಡಕ್ಕಿಂತ ಮೊದಲು ಬರುವ ನಷ್ಟವೆಂದರೆ ವಾಪಸು ಬಂದ ಸರಕು ಮತ್ತು ಕಳೆದುಹೋದ ಗ್ರಾಹಕರು.

2022ರಲ್ಲಿ ಹೊರಡಿಸಲಾದ ಮಾರ್ಗಸೂಚಿಗಳ ಪ್ರಕಾರ, ಮೇಲೆ ದೊಡ್ಡದಾಗಿ ಹೇಳಿದ ಮಾತನ್ನು ಕೆಳಗೆ ಸಣ್ಣ ಅಕ್ಷರಗಳ ಷರತ್ತಿನ ಮೂಲಕ ವಿರೋಧಿಸುವಂತಿಲ್ಲ. 2023ರ ನವೆಂಬರ್ 30ರ ಮಾರ್ಗಸೂಚಿಗಳು, ಇಲ್ಲದ ಅವಸರ ಹುಟ್ಟಿಸುವುದನ್ನು ನಿಷೇಧಿಸಿವೆ. ಗೋದಾಮಿನಲ್ಲಿ ನೂರು ಕಟ್ಟು ಇಟ್ಟುಕೊಂಡು ‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸಾಲನ್ನು ಯಂತ್ರ ಬರೆದುಕೊಟ್ಟರೆ ಅದನ್ನು ಅಳಿಸಬೇಕು. ಅವಸರ ಹುಟ್ಟಿಸುವಂತಹ ಬರಹ ಬೇಕೆಂದು ಪ್ರಾಂಪ್ಟ್‌ನಲ್ಲಿ ಕೇಳದಿರುವುದೇ ಲೇಸು.

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಮೇರೆಗೆ, ಮಾರಾಟಗಾರರ ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಗಳಿಗೆ ಹೊಂದಿಕೆಯಾಗಿರಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ಸರಕನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ವಿಮರ್ಶೆ ಹಾಕುವಂತಿಲ್ಲ. ‘ತೃಪ್ತ ಗ್ರಾಹಕರ ಹತ್ತು ಅಭಿಪ್ರಾಯ ಬರೆದುಕೊಡು’ ಎಂಬ ಪ್ರಾಂಪ್ಟ್ ಈ ಕಾರಣದಿಂದ ಸಲ್ಲದು.

ಆಟಿಕೆಗಳ ಬಗ್ಗೆ ವಿಶೇಷ ಸೂಚನೆ

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುತ್ತದೆ. ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕ ಪಡೆದ ಉತ್ಪನ್ನದ ನೋಂದಾಯಿತ ಮಾಲೀಕರು ಮತ್ತು ಅಧಿಕೃತ ಬಳಕೆದಾರರ ಆಟಿಕೆಗಳಿಗೂ ಇದರಿಂದ ವಿನಾಯಿತಿ ಕೊಡಲಾಗಿದೆ. ವಿನಾಯಿತಿ ಇದೆ ಎಂದರೆ ಪ್ರಮಾಣೀಕರಣ ಆಗಿದೆ ಎಂದರ್ಥವಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ಯಂತ್ರ ಬರೆದ ‘ಬಿ.ಐ.ಎಸ್. ಪ್ರಮಾಣೀಕೃತ’ ಎಂಬ ಮಾತು ಎಲ್ಲಕ್ಕಿಂತ ಅಪಾಯಕಾರಿಯಾಗಿತ್ತು. ಹಾಗೆಯೇ, ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ನೋಂದಣಿ ಇರುವುದರಿಂದ, ಬೇರೆಡೆ ಮಾಡಿದ ಆಟಿಕೆಗೆ ‘ಚನ್ನಪಟ್ಟಣದ್ದು’ ಎಂದು ಬರೆಯಬಾರದು. ಮರದ ಬಣ್ಣದ ಆಟಿಕೆ ಎಂದು ಸೂಚನೆ ಕೊಟ್ಟರೆ ಯಂತ್ರವು ಆ ಹೆಸರನ್ನು ತಾನಾಗಿಯೇ ಸೇರಿಸುವ ಸಂಭವವಿದೆ.

ಸೀರೆ ಮತ್ತು ಆಹಾರ ಪದಾರ್ಥಗಳು

ಇಳಕಲ್ ಸೀರೆಯ ನೇಕಾರರಿಗೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಒಡಲು ಹತ್ತಿ, ಸೆರಗು ರೇಷ್ಮೆ ಇರುವ ಸೀರೆಗಳಿವೆ, ಒಡಲೂ ರೇಷ್ಮೆಯಾದ ಸೀರೆಗಳಿವೆ, ಕೃತಕ ರೇಷ್ಮೆಯವೂ ಇವೆ. ‘ಇಳಕಲ್ ರೇಷ್ಮೆ ಸೀರೆ’ ಎಂದಷ್ಟೇ ಬರೆದುಕೊಟ್ಟರೆ ‘ಅಪ್ಪಟ ರೇಷ್ಮೆ’ ಎಂದೇ ವಿವರಣೆ ಬರುತ್ತದೆ. ಒಡಲಿನ ನೂಲು, ಸೆರಗಿನ ನೂಲು, ಅಂಚಿನ ಹೆಸರು, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಡಬೇಕು. ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕ್ರಮವನ್ನು ಎರಡು ಸಾಲಿನಲ್ಲಿ ತಿಳಿಸಿದರೆ, ‘ಅದ್ಭುತ’, ‘ಅಪೂರ್ವ’ ಎಂಬ ಪದಗಳಿಗಿಂತ ಅದು ಗ್ರಾಹಕರನ್ನು ಹೆಚ್ಚು ಸೆಳೆಯುತ್ತದೆ ಎಂಬುದು ಈ ಶಾಖೆಯ ಅಭಿಪ್ರಾಯ. ಸಿಲ್ಕ್ ಮಾರ್ಕ್, ಕೈಮಗ್ಗ ಗುರುತು ಇವುಗಳ ಲೇಬಲ್ ಸರಕಿನ ಮೇಲೆ ಇದ್ದರೆ ಮಾತ್ರ ಉಲ್ಲೇಖಿಸತಕ್ಕದ್ದು.

ಆಹಾರ ಪದಾರ್ಥಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ರಾಗಿ ಹುರಿಹಿಟ್ಟು, ಜೇನುತುಪ್ಪ, ಬೆಲ್ಲ ಇವುಗಳಿಗೆ ವಿವರಣೆ ಕೇಳಿದರೆ ಯಂತ್ರವು ಮಧುಮೇಹ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಎಂದು ಬರೆಯಲಾರಂಭಿಸುತ್ತದೆ. ಆಹಾರ ಪದಾರ್ಥವು ರೋಗ ಗುಣಪಡಿಸುತ್ತದೆ ಎಂದು ಹೇಳುವುದು ಆಹಾರ ಸುರಕ್ಷತೆಯ ಜಾಹೀರಾತು ಮತ್ತು ಹೇಳಿಕೆಗಳ ವಿನಿಯಮಗಳು, 2018ರ ಪ್ರಕಾರ ನಿಷಿದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 53ನೇ ಪ್ರಕರಣದಲ್ಲಿ 10 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ‘ಸಾವಯವ’ ಎಂಬ ಮಾತನ್ನು ಪ್ರಮಾಣೀಕರಣ ಇಲ್ಲದೆ ಆನ್‌ಲೈನ್ ವಿವರಣೆಯಲ್ಲಿ ಬಳಸಬಾರದು. ಪ್ರಾಂಪ್ಟ್‌ನಲ್ಲಿ ‘ಆರೋಗ್ಯದ ಬಗ್ಗೆ ಏನನ್ನೂ ಬರೆಯಬೇಡ, ರುಚಿ, ಪರಿಮಳ, ಮಾಡುವ ವಿಧಾನ, ಬಳಸುವ ವಿಧಾನ ಇಷ್ಟನ್ನೇ ಬರೆ’ ಎಂದು ಸೇರಿಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ.

ಪೊಟ್ಟಣದ ಸರಕುಗಳಿಗೆ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳು ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಮುಂತಾದವು ಆನ್‌ಲೈನ್ ಪುಟದಲ್ಲಿಯೂ ಇರಬೇಕು. ಇವುಗಳನ್ನು ಯಂತ್ರದಿಂದ ಬರೆಸದೆ ಲೇಬಲ್ ನೋಡಿಕೊಂಡು ಕೈಯಾರೆ ನಮೂದಿಸುವುದು ಸೂಕ್ತ.

ಕನ್ನಡದಲ್ಲಿ ಬರೆಸುವಾಗ

ಯಂತ್ರದ ಕನ್ನಡದಲ್ಲಿ ಇಂಗ್ಲಿಷ್ ವಾಕ್ಯದ ನೆರಳು ಎದ್ದು ಕಾಣುತ್ತದೆ. ‘ನಿಮ್ಮ ಮಗುವಿನ ನಗುವಿಗೆ ಬಾಗಿಲು ತೆರೆಯಿರಿ’ ಎಂಬಂತಹ ಸಾಲುಗಳನ್ನು ನಮ್ಮ ಕಡೆ ಯಾರೂ ಆಡುವುದಿಲ್ಲ. ಬುಗುರಿ, ಗಿಲಕಿ, ಸೆರಗು, ಹುರಿಹಿಟ್ಟು ಎಂಬ ಪದಗಳನ್ನು ಪ್ರಾಂಪ್ಟ್‌ನಲ್ಲಿ ತಾವೇ ಕೊಟ್ಟು, ‘ಈ ಪದಗಳನ್ನು ಬದಲಿಸಬೇಡ’ ಎಂದು ಸೂಚಿಸಬೇಕು. ಸಿದ್ಧವಾದ ಬರಹವನ್ನು ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದರೆ, ಎಲ್ಲಿ ತೊಡಕಿದೆ ಎಂಬುದು ಕೂಡಲೇ ತಿಳಿಯುತ್ತದೆ. ಇಂಗ್ಲಿಷ್ ಮತ್ತು ಹಿಂದಿ ವಿವರಣೆಗಳನ್ನು ಪರಿಶೀಲಿಸಿ ಒಪ್ಪಿದ ಕನ್ನಡ ವಿವರಣೆಯಿಂದಲೇ ಮಾಡಿಸತಕ್ಕದ್ದು. ಭಾಷೆ ಬದಲಾಗುವಾಗ ಹೊಸ ಹೇಳಿಕೆ ಸೇರುವುದುಂಟು, ಆದುದರಿಂದ ಆ ಭಾಷೆ ಬಲ್ಲವರೊಬ್ಬರಿಗೆ ತೋರಿಸಬೇಕು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಈ ಸೇವೆಗಳಿಗೆ ಹಣ ಕೊಡಬೇಕೆ?
ಉತ್ತರ: ಸಣ್ಣ ಘಟಕದ ಕೆಲಸಕ್ಕೆ ಉಚಿತ ಆವೃತ್ತಿಗಳು ಸಾಮಾನ್ಯವಾಗಿ ಸಾಕಾಗುತ್ತವೆ. ‘ಪ್ರಾಂಪ್ಟ್‌ಗಳ ಪಟ್ಟಿ’ ಮಾರುವವರಿಗೆ ಹಣ ಕೊಡುವ ಅಗತ್ಯ ಕಂಡುಬರುವುದಿಲ್ಲ. ನಿಮ್ಮ ಸರಕಿನ ಸಂಗತಿಗಳು ಆ ಪಟ್ಟಿಯಲ್ಲಿ ಇರುವುದಿಲ್ಲ.

ಪ್ರಶ್ನೆ: ಗ್ರಾಹಕರ ದೂರಿಗೆ ಉತ್ತರವನ್ನೂ ಯಂತ್ರದಿಂದ ಬರೆಸಬಹುದೆ?
ಉತ್ತರ: ಬರೆಸಬಹುದು. ಆದರೆ ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ, ವಿಳಾಸ, ಆರ್ಡರ್ ಸಂಖ್ಯೆಗಳನ್ನು ಪ್ರಾಂಪ್ಟ್‌ನಲ್ಲಿ ಹಾಕಬಾರದು. ಬ್ಯಾಂಕ್ ವಿವರ, ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒ.ಟಿ.ಪಿ. ಇವುಗಳನ್ನು ಯಾವ ಕಾರಣಕ್ಕೂ ಕೊಡಬಾರದು. ದೂರು ಬಂದ 48 ಗಂಟೆಗಳ ಒಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳ ಒಳಗೆ ಪರಿಹರಿಸಬೇಕೆಂದು ಇ-ವಾಣಿಜ್ಯ ನಿಯಮಗಳಲ್ಲಿ ಇದೆ.

ಪ್ರಶ್ನೆ: ಸರಕಿನ ಚಿತ್ರವನ್ನೂ ಯಂತ್ರದಿಂದ ಮಾಡಿಸಬಹುದೆ?
ಉತ್ತರ: ಹಿನ್ನೆಲೆಯನ್ನು ಸ್ವಚ್ಛಗೊಳಿಸಲು ಬಳಸಿದರೆ ತೊಂದರೆಯಿಲ್ಲ. ಸರಕಿನ ಬಣ್ಣ, ನೇಯ್ಗೆ, ಗಾತ್ರ ಬೇರೆಯಾಗಿ ಕಾಣುವಂತೆ ಮಾಡಿದ ಚಿತ್ರವೂ ದಾರಿ ತಪ್ಪಿಸುವ ಜಾಹೀರಾತೇ ಆಗುತ್ತದೆ.

ಪ್ರಶ್ನೆ: ಈಗಾಗಲೇ ಹಾಕಿರುವ ವಿವರಣೆಯಲ್ಲಿ ತಪ್ಪು ಇದ್ದರೆ?
ಉತ್ತರ: ಕೂಡಲೇ ತಿದ್ದಿ, ತಿದ್ದಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ಅವಧಿಯಲ್ಲಿ ಕೊಂಡ ಗ್ರಾಹಕರು ಸರಕು ವಾಪಸು ಕೇಳಿದರೆ ವಾದ ಮಾಡದೆ ತೆಗೆದುಕೊಳ್ಳಿ. ಮೇಲೆ ಹೇಳಿದ ಆಟಿಕೆ ಘಟಕದವರು ಹೀಗೆಯೇ ಮಾಡಿದರು. ಪುಟವನ್ನು ಪುನಃ ತೆರೆಯಲಾಯಿತು. ಹೊಸ ವಿವರಣೆಯಲ್ಲಿ ಆಲೆ ಮರ ಎಂದೇ ಇದೆ.

ಪ್ರಶ್ನೆ: ಕೊಳ್ಳುವವರಾಗಿ ನಮಗೆ ಇಂತಹ ತಪ್ಪು ವಿವರಣೆ ಕಂಡುಬಂದರೆ ಎಲ್ಲಿ ತಿಳಿಸಬೇಕು?
ಉತ್ತರ: ಮೊದಲು ಆನ್‌ಲೈನ್ ಮಳಿಗೆಯ ಕುಂದುಕೊರತೆ ಅಧಿಕಾರಿಗೆ ತಿಳಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪುಟದ ಚಿತ್ರ ಹಾಗೂ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.